ಕಟ್ಟಿಗಿ ಗುಲಾಬಿ ಸೆಂಟಿನ ಅಕ್ಕಾರು

ಅಕ್ಕಾರು ತೀರಿಕೊಂಡರು ಎಂದು ಅವರ ಮಗಳು ಗಿರಿಜಾ ಫೋನು ಮಾಡಿದಾಗ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ಅವರ ಮೂಗು. ಸಣ್ಣ, ಚೂಪಾದ ಮೂಗು; ಅದರ ಮೇಲೊಂದು ಬಿಳಿ ಹರಳಿನ ಮೂಗುಬೊಟ್ಟು. ಮನೆಯೊಳಗೆ ಬರುವ ಹಾಲು, ತುಪ್ಪ, ಬೇಳೆ, ಬ್ರೆಡ್ಡು, ಕಡೆಗೆ ನೆಂಟರು ತಂದ ಲಾಡು ಕೂಡ ಆ ಮೂಗಿನ ಅಪ್ಪಣೆ ಪಡೆದೇ ಒಳಗೆ ಹೋಗಬೇಕಿತ್ತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ "ನನ್ನ ಹೆಸರು ನಿಮಗ್ಯಾಕ ಬೇಕಾಗಿತ್ತು?" ಎಂದು ಇರುವಲ್ಲಿಂದಲೇ ಕೇಳಿಯಾರು. ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದೊಂದು ಫ್ಯಾನ್ಸಿ ಸ್ಟೋರು ಇತ್ತು. ಗಿರಾಕಿಗಳಿಗೆ, ಓಣಿಯವರಿಗೆ, ಎಲ್ಲರಿಗೂ ಅವರು ಅಕ್ಕಾರು.

ತೊಂಬತ್ತರ ದಶಕದ ಕೊನೆಗೆ ಅಲ್ಲಿನ ಶಾಲೆಯಲ್ಲಿ ನನಗೆ ಮೊದಲ ಕೆಲಸ ಸಿಕ್ಕಿತು. ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಇದೆಯೆಂದು ತಿಳಿದು ಕೇಳಲು ಹೋದೆ.

"ಯಾವೂರು?"

"ಕೂಡ್ಲಿಗಿ ತಾಲೂಕು, ಹೊಸಹಳ್ಳಿ ರೀ."

"ಹೊಸಹಳ್ಳಿಯಿಂದ ಕೂಡ್ಲಿಗಿಗೆ ಬರೋವಾಗ ಬಸ್ಸು ಎಲ್ಲೆಲ್ಲಿ ನಿಂದ್ರತೈತಿ, ಹೇಳ್ರಿ ನೋಡೋಣ."

ನಾನು ಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಮಾರನೆಯ ದಿನ ಕೀಲಿಕೈ ಕೊಡುತ್ತಾ, "ಕಂಡಕ್ಟರನ್ನ ಕೇಳ್ದೆ. ನೀವು ಒಂದು ಸ್ಟಾಪು ಬಿಟ್ಟೀರಿ. ಆದ್ರೂ ಇರ್ಲಿ" ಅಂದರು. ಮುಂದೆ ನಾಲ್ಕೈದು ವರ್ಷ ನಾನು ಅಲ್ಲಿದ್ದೆ. ಆ ಬಿಟ್ಟುಹೋದ ಸ್ಟಾಪಿನ ಬಗ್ಗೆ ಅವರ ಅನುಮಾನ ಪೂರ್ತಿ ಹೋಗಲಿಲ್ಲ ಎಂದೇ ನನ್ನ ನಂಬಿಕೆ.

ಹಾಲಿನವನು ಬಂದರೆ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿ, ಅದು ಹರಿಯುತ್ತದೋ ನಿಲ್ಲುತ್ತದೋ ನೋಡುವರು. ರೇಷ್ಮೆ ಸೀರೆ ಎಂದು ಯಾರಾದರೂ ತಂದರೆ ಸೆರಗಿನಿಂದ ಎಳೆಯೊಂದನ್ನು ಕಿತ್ತು ದೀಪಕ್ಕೆ ಹಿಡಿಯುವರು. ಹಡಗಲಿ ಮಲ್ಲಿಗೆ ಎಂದು ಕೂಗಿಕೊಂಡು ಹೂವಿನವಳು ಬಂದರೆ, "ಹಡಗಲಿಯಾಗ ಯಾರ ತ್ವಾಟದ್ದು?" ಎನ್ನುವರು. ಒಮ್ಮೆ ಜ್ಯೋತಿಷಿಯೊಬ್ಬ ಕಟ್ಟೆಯ ಮೇಲೆ ಕೂತು ಭವಿಷ್ಯ ಹೇಳಲು ಬಾಯಿ ತೆರೆದ. "ತಡೀರಿ. ನಾನು ಈಗ ಏನು ಉಂಡು ಬಂದೀನಿ ಅಂತ ಹೇಳ್ರಿ ಮೊದ್ಲು. ಅದು ಕರೆಕ್ಟಾದ್ರ ಮುಂದಿಂದು ಕೇಳ್ತೀನಿ" ಅಂದರು. ಅವನು ನೀರು ಕುಡಿದು ಎದ್ದುಹೋದ.

ಹೀಗೇಕೆ ಎಂದು ನಾನು ಕೇಳಿರಲಿಲ್ಲ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಬಳೆಗಳನ್ನು ಜೋಡಿಸುತ್ತಾ ಅವರೇ ಹೇಳಿದರು. ಮದುವೆಯಲ್ಲಿ ಗಂಡಿನ ಕಡೆಯವರು ಅವರ ಕೈಗೆ ನಾಲ್ಕು ಬಂಗಾರದ ಬಳೆ ಹಾಕಿದ್ದರು. ಗಿರಿಜಾ ಹುಟ್ಟಿದ ಮೇಲೆ ಗಂಡನಿಗೆ ಕಾಯಿಲೆ ಜೋರಾಯಿತು. ಆಸ್ಪತ್ರೆಗೆಂದು ಬಳೆ ಬಿಚ್ಚಿಕೊಂಡು ಕೊಟ್ಟೂರಿನ ಅಕ್ಕಸಾಲಿಗನ ಹತ್ತಿರ ಹೋದರು. ಆತ ಒರೆಗಲ್ಲಿಗೆ ತಿಕ್ಕಿ, ಮುಖ ನೋಡದೆ ಬಳೆ ವಾಪಸು ಕೊಟ್ಟು, "ಗಿಲೀಟು ತಾಯಿ" ಅಂದನಂತೆ.

"ನಮ್ಮ ಯಜಮಾನ್ರಿಗೂ ಗೊತ್ತಿರಲಿಲ್ಲ ಟೀಚರ್. ಮಾವನ ಕೆಲಸ. ಯಜಮಾನ್ರು ಸಾಯೋತನಕ ನಾನು ಆ ಮಾತು ಅವ್ರ ಕಿವಿಗೆ ಹಾಕ್ಲಿಲ್ಲ" ಎಂದು ಹೇಳಿ, ಒಂದು ಡಜನ್ ಬಳೆಗೆ ದಾರ ಕಟ್ಟಿದರು.

ಅಂಥವರು ತೆರೆದ ಅಂಗಡಿಯಲ್ಲಿ ಇದ್ದದ್ದೆಲ್ಲ ಗಿಲೀಟೇ. ಗಿಲೀಟಿನ ಸರ, ಗಿಲೀಟಿನ ಝುಮುಕಿ, ಪ್ಲಾಸ್ಟಿಕ್ಕಿನ ಮುತ್ತು. ಆದರೆ ಯಾವುದನ್ನೂ ಅವರು ಸುಳ್ಳು ಹೇಳಿ ಮಾರಲಿಲ್ಲ. ಹೊಸ ಮದುಮಗಳು ಸರವೊಂದನ್ನು ಕೊರಳಿಗೆ ಹಿಡಿದು ಕನ್ನಡಿ ನೋಡುತ್ತಿದ್ದರೆ, "ಬಂಗಾರದಂಗ ಕಾಣತೈತಿ. ಬಂಗಾರ ಅಲ್ಲ. ಬೆವರು ಹತ್ತಿದ್ರ ಕರ್ರಗಾಗತೈತಿ. ತಿಳ್ಕಂಡು ತಗೋ ತಂಗಿ" ಎನ್ನುವರು. ಹಾಗೆ ಹೇಳಿದ್ದಕ್ಕೇ ಜನ ಅಲ್ಲಿಗೆ ಬರುತ್ತಿದ್ದರು.

ಆ ಸೆಂಟು ಬಂದದ್ದು ಹುಬ್ಬಳ್ಳಿಯ ಸೇಲ್ಸಿನವನ ಚೀಲದಲ್ಲಿ. ಚೌಕನೆಯ ಸೀಸೆ, ಒಳಗೆ ಕಡು ಕೆಂಪು ಬಣ್ಣದ ನೀರು.

"ಅಕ್ಕಾರ, ಫಾರಿನ್ನಿನಾಗ ಭಾಳ ದೊಡ್ಡ ಸಾವುಕಾರ್ರು ಹಚ್ಕೊಳ್ಳೋ ಸೆಂಟು ಇದು. ಗುಲಾಬಿ, ಕಟ್ಟಿಗಿ ಎರಡೂ ಕೂಡಿಸಿ ಮಾಡ್ಯಾರ. ಅದರ ಸೇಮ್ ಟು ಸೇಮ್."

"ಸೇಮ್ ಟು ಸೇಮ್ ಅಂದ್ರ ಅದಲ್ಲ ಅಂತಾತಲ್ಲ?"

ಅವನು ತಲೆ ಕೆರೆದುಕೊಂಡ. ಅಕ್ಕಾರು ಒಂದು ಹನಿಯನ್ನು ಮಣಿಕಟ್ಟಿಗೆ ಹಚ್ಚಿಕೊಂಡು, ತುರಿಕೆ ಏಳುತ್ತದೋ ಎಂದು ಕಾದು ಕೂತರು. ತುರಿಕೆ ಏಳಲಿಲ್ಲ. ಊಟದ ಹೊತ್ತಿಗೆ ವಾಸನೆಯೂ ಉಳಿಯಲಿಲ್ಲ. ಆದರೂ ಅಲ್ಲಿಯತನಕ ಅದು ಬಲು ಚೆಂದ ಇತ್ತು. ಆಗತಾನೆ ಕೀಸಿದ ತೇಗದ ಹಲಗೆಯ ಮೇಲೆ ಯಾರೋ ಒಂದು ಬೊಗಸೆ ಗುಲಾಬಿ ಪಕಳೆ ಸುರಿದಂತೆ. ನಮ್ಮ ಕಡೆಯ ಸಂತೆಗಳಲ್ಲಿ ಸಿಗುವ, ತಲೆನೋವು ತರಿಸುವ ಸಿಹಿ ಅತ್ತರುಗಳ ಹಾಗಿರಲಿಲ್ಲ.

ಮಾರನೆಯ ದಿನ ಸೆಂಟಿನ ಸಾಲಿನ ಕೆಳಗೆ ಅಕ್ಕಾರ ಕೈಬರಹದ ಚೀಟಿ ಅಂಟಿತ್ತು: "ಇದು ನಕಲು. ಮಧ್ಯಾಹ್ನದ ತನಕ ಬರುತ್ತದೆ." ಮುಂದಿನ ಸಲ ಬಂದ ಸೇಲ್ಸಿನವನು ಅದನ್ನು ಓದಿ ಹಣೆ ಚಚ್ಚಿಕೊಂಡ. ಆದರೆ ಸೀಸೆಗಳು ಖಾಲಿಯಾಗಿದ್ದವು. ಅದರ ಇಂಗ್ಲಿಷ್ ಹೆಸರು ಯಾರ ಬಾಯಿಗೂ ಹೊರಳದೆ, ಕಾಲೇಜಿನ ಹುಡುಗಿಯರು "ಅಕ್ಕಾರ, ಕಟ್ಟಿಗಿ ಗುಲಾಬಿ ಕೊಡ್ರಿ" ಎನ್ನತೊಡಗಿದರು. ನಮ್ಮ ಸ್ಟಾಫ್ ರೂಮಿನಲ್ಲೂ ಬೆಳಗಿನ ಪಿರಿಯಡ್ಡುಗಳಲ್ಲಿ ಅದೇ ಘಮ. ಗಿರಾಕಿಗಳಿಗೆ ದಿನಾ ಹಚ್ಚಿ ತೋರಿಸುವುದರಿಂದ ಅಕ್ಕಾರ ಅಂಗಡಿಯಲ್ಲೂ, ಅವರ ಸೀರೆಯಲ್ಲೂ ಹಗಲೆಲ್ಲ ಅದೇ.

ಗಿರಿಜಾಳಿಗೆ ಹರಪನಹಳ್ಳಿಯ ಕೊಟ್ರೇಶನ ಸಂಬಂಧ ಬಂದದ್ದು ಆಗಲೇ. ಅಕ್ಕಾರ ಸೋದರಮಾವ, ತಂಬ್ರಹಳ್ಳಿಯವರು, ತಂದಿದ್ದರು. ಹುಡುಗ ಮೋಟರು ರಿವೈಂಡಿಂಗ್ ಮಾಡುತ್ತಾನೆ, ಹಲವಾಗಲಿನ ಹೊಳೆದಂಡೆಯ ಪಂಪ್‌ಸೆಟ್ಟುಗಳೆಲ್ಲ ಅವನ ಅಂಗಡಿಗೇ ಬರುತ್ತವೆ, ಮಹಬೂಬ್ ಎಂಬ ಗೆಳೆಯನ ಜೊತೆ ಪಾಲುದಾರಿಕೆ ಎಂದು ಹೇಳಿದರು. ಅಕ್ಕಾರು ಎಲ್ಲ ಕೇಳಿಕೊಂಡು, "ನೋಡೋಣ" ಅಂದರು.

ಆ ಭಾನುವಾರ ಅವರು ನನ್ನನ್ನು ಕರೆದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದರು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಮಿಕ್ಸಿ.

"ಕೆಟ್ಟಿದ್ಯೇನ್ರಿ ಅಕ್ಕಾರ?"

"ಚೊಲೋ ಐತಿ. ಚೊಲೋ ಐತಿ ಅಂತನೇ ತಂದೀನಿ."

ಅಂಗಡಿಯಲ್ಲಿ ಕೊಟ್ರೇಶ ಮಿಕ್ಸಿ ಬಿಚ್ಚಿದ, ಬೆರಳಿನಿಂದ ತಿರುಗಿಸಿದ, ಪ್ಲಗ್ಗಿಗೆ ಹಾಕಿದ. ಹಿಂದುಗಡೆ ನೆಲದ ಮೇಲೆ ಕೂತು ತಾಮ್ರದ ತಂತಿ ಸುತ್ತುತ್ತಿದ್ದ ಮಹಬೂಬ್ ಒಮ್ಮೆ ತಲೆಯೆತ್ತಿ ನಮ್ಮನ್ನು ನೋಡಿ, ಮತ್ತೆ ತಗ್ಗಿಸಿದ.

"ಇದಕ್ಕೇನೂ ಆಗಿಲ್ಲಮ್ಮ. ನಿಮ್ಮನೆ ಪ್ಲಗ್ಗೇ ಸಡ್ಲ ಇರ್ಬೇಕು, ನೋಡಿಸ್ರಿ" ಎಂದು ಕೊಟ್ರೇಶ ಮತ್ತೆ ಕಟ್ಟಿಕೊಟ್ಟ. ಕಾಸು ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಅಕ್ಕಾರ ಮುಖ ಅರಳೀತು ಎಂದು ನಾನು ಕಾದೆ. ಕೊಟ್ಟೂರು ದಾಟಿದ ಮೇಲೆ ಅವರು ಬಾಯಿ ಬಿಟ್ಟರು. "ನನ್ನ ಗುರ್ತು ಹಿಡ್ದಿರಬೇಕು, ಟೀಚರ್. ಇಲ್ಲಂದ್ರ ಯಾವನು ಸುಮ್ನ ಬಿಡ್ತಾನ?"

ಅಷ್ಟಾದರೂ ಬೇಡ ಎನ್ನಲು ಕಾರಣ ಸಿಗಲಿಲ್ಲ. ಗಿರಿಜಾಳಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಹೂ ಮುಡಿಸುವ ಶಾಸ್ತ್ರ ನಿಶ್ಚಯವಾಯಿತು.

ಅಂದು ಗಂಡಿನವರು ಹಣ್ಣು, ಹೂವು, ಸೀರೆಗಳ ತಟ್ಟೆ ಹಿಡಿದು ಬಂದರು. ಮಹಬೂಬನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬಾಳೆಹಣ್ಣಿನ ತಟ್ಟೆ ಹೊತ್ತು ಬಂದಿದ್ದ. ಹೂ ಮುಡಿಸಿದ ಮೇಲೆ ಕೊಟ್ರೇಶನ ಅಕ್ಕ ಗಿರಿಜಾಳ ಕೈಗೆ ಬಂಗಾರದ ಬಣ್ಣದ ಡಬ್ಬಿಯೊಂದನ್ನು ಇಟ್ಟು, "ದುಬೈ ಸೆಂಟು. ನಮ್ಮ ತಮ್ಮ ನಿನಗೆ ಅಂತ ತರ್ಸಿದ್ದು" ಅಂದಳು. ಹೆಂಗಸರೆಲ್ಲ ಹಚ್ಚು ಹಚ್ಚು ಎಂದು ಒತ್ತಾಯ ಮಾಡಿದರು. ಗಿರಿಜಾ ನಾಚಿಕೊಂಡು ಸೆರಗಿಗೆ ಒಂದಿಷ್ಟು ಹಾಕಿಕೊಂಡಳು.

ಅಕ್ಕಾರು ಚಹಾದ ತಟ್ಟೆ ಹಿಡಿದು ಬರುತ್ತಿದ್ದವರು ನಡುಮನೆಯಲ್ಲೇ ನಿಂತುಬಿಟ್ಟರು. ಮೂಗು ಒಂದು ಸಲ ಅರಳಿತು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೆಳಗೆ ಅಂಗಡಿಗೆ ಇಳಿದುಹೋದರು. ಮರಳಿ ಬಂದಾಗ ಕೈಯಲ್ಲಿ ಕಟ್ಟಿಗಿ ಗುಲಾಬಿಯ ಸೀಸೆ. ಒಂದು ಮಣಿಕಟ್ಟಿಗೆ ಅದನ್ನು ಹಚ್ಚಿಕೊಂಡರು, ಇನ್ನೊಂದಕ್ಕೆ ಡಬ್ಬಿಯದನ್ನು. ಎರಡನ್ನೂ ಮೂಸಿದರು.

"ಇದು ನನ್ನ ಅಂಗಡಿ ಮಾಲು" ಅಂದರು.

ಸೋದರಮಾವ ನಕ್ಕಂತೆ ಮಾಡಿ, "ಸಂಬಂಧ ನೋಡವ್ವ, ಸೀಸೆ ನೋಡಬ್ಯಾಡ" ಅಂದರು.

"ನಕಲು ಕೊಟ್ರ ನನಗ ಸಿಟ್ಟಿಲ್ಲ ಮಾವ. ನಾನೇ ನಕಲು ಮಾರಾಕಿ. ನಕಲನ್ನ ಅಸಲು ಅಂತ ಕೊಡಬಾರ್ದು. ಇವತ್ತು ಸೆಂಟು, ನಾಳೆ ಏನು?"

ಕೊಟ್ರೇಶ ಎದ್ದುನಿಂತ. ಕಿವಿ ಕೆಂಪಾಗಿತ್ತು. ಮಹಬೂಬನತ್ತ ಕೈ ತೋರಿಸಿದ. "ಅಮ್ಮ, ಮಾಬುನ ಅಣ್ಣ ದುಬೈಯಾಗೆ ಕೆಲಸ ಮಾಡ್ತಾನೆ. ಅವನೇ ತಂದಿದ್ದು."

"ಹಂಗಾದ್ರ ನಿನಗೂ ಟೋಪಿ ಬಿದ್ದೈತಪ್ಪ. ನಮ್ಮ ಯಜಮಾನ್ರಿಗೆ ಬಿದ್ದಂಗ."

ಆಗ ಕೊಟ್ರೇಶ ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವನು ಬಾಗಿಲ ಬಳಿ ನಿಂತಿದ್ದ ಗೆಳೆಯನ ಕಡೆ ತಿರುಗಿ, ಮೆತ್ತಗೆ, "ಮಾಬೂ, ಖರೇ ಹೇಳು. ಇದು ಎಲ್ಲಿಂದು?" ಎಂದು ಕೇಳಿದ.

ಮಹಬೂಬ್ ಕೊಟ್ರೇಶನನ್ನು ಒಂದು ಗಳಿಗೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಕೊಟ್ರೇಶ ಹಿಂದೆ ಹೋಗಲಿಲ್ಲ. ಗಂಡಿನವರು ಚಹಾ ಕುಡಿಯದೆ ಎದ್ದರು. ಸೆಂಟಿನ ಡಬ್ಬಿಯನ್ನು ಸೋದರಮಾವ ಅವರ ತಟ್ಟೆಯಲ್ಲೇ ಇಟ್ಟು ಕಳಿಸಿದರು.

ಸಂಬಂಧ ಮುರಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಲಗ್ನದ ದಿನ ನೋಡೋಣ ಎಂದು ಆ ಕಡೆಯಿಂದ ಯಾರೂ ಬರಲೂ ಇಲ್ಲ. ಕೊಟ್ರೇಶ, ಮಹಬೂಬ್ ಮಾತು ಬಿಟ್ಟಿದ್ದಾರೆ, ಮಹಬೂಬ್ ತನ್ನ ಸಾಮಾನು ಎತ್ತಿಕೊಂಡು ಬೇರೆ ಅಂಗಡಿ ಹಿಡಿದಿದ್ದಾನೆ ಎಂಬ ಸುದ್ದಿ ಮಾತ್ರ ಬಂತು. ಅಕ್ಕಾರು ಅದನ್ನು ಕೇಳಿ, "ನೋಡಿದ್ರೇನು? ಕಳ್ಳತನ ಹೊರಗ ಬಿತ್ತು" ಅಂದರು. ಆದರೆ ಆ ಮಾತಿನಲ್ಲಿ ಎಂದಿನ ಖಾತ್ರಿ ಇರಲಿಲ್ಲ. ಗಿರಿಜಾ ಅಂಗಡಿಗೆ ಇಳಿಯುವುದನ್ನು ಬಿಟ್ಟಳು. ತಾಯಿ ಕರೆದರೆ, "ನಿನ್ನ ಅಂಗಡಿಯಾಗ ನೀನಾ ಕುಂದ್ರವ್ವ. ನನಗ ಯಾರನ್ನೂ ಪರೀಕ್ಷೆ ಮಾಡಾಕ ಬರಂಗಿಲ್ಲ" ಎಂದಳು. ಅಷ್ಟು ಬಿಟ್ಟು ಬೇರೆ ಮಾತಿಲ್ಲ.

ಒಂದೆರಡು ವಾರ ಕಳೆದಿರಬೇಕು. ಶಾಲೆಯಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಒಳಗಿನಿಂದ ಅಕ್ಕಾರ ದನಿ ಕೇಳಿತು: "ಟೀಚರ್, ಇಲ್ಲಿ ಬರ್ರಿ ಒಂಚೂರು."

ಬೀರು ತೆರೆದಿತ್ತು. ಕೈಯಲ್ಲಿ ಗಿರಿಜಾಳ ಆ ದಿನದ ಸೀರೆ. "ಮೂಸಿ ನೋಡ್ರಿ."

ಮೂಸಿದೆ. ಗುಲಾಬಿ ಇರಲಿಲ್ಲ. ಆದರೆ ಅದರ ಕೆಳಗಿದ್ದ ಕಟ್ಟಿಗೆ ಇತ್ತು. ಹಳೆಯ ಗಂಧದ ಪೆಟ್ಟಿಗೆ ತೆರೆದಂತೆ, ಆಳವಾಗಿ, ಮೆತ್ತಗೆ, ಮಡಿಕೆಮಡಿಕೆಯಲ್ಲೂ.

"ಗಿರಿಜಾ, ಮತ್ತ ಹಚ್ಚೀಯೇನು ಇದಕ್ಕ?"

"ಸೀಸೆ ಅವತ್ತ ವಾಪಸ್ ಹೋತಲ್ಲವ್ವ. ಎಲ್ಲಿಂದ ಹಚ್ಚಲಿ?" ಎಂದು ಗಿರಿಜಾ ಗೋಡೆಗೆ ಮುಖ ಮಾಡಿಯೇ ಹೇಳಿದಳು.

ಅಕ್ಕಾರು ಅಷ್ಟಕ್ಕೆ ನಂಬುವವರಲ್ಲ. ತಮ್ಮದೇ ಒಂದು ರೇಷ್ಮೆ ಸೀರೆ ತೆಗೆದು, ಸೆರಗಿಗೆ ಅಂಗಡಿಯ ಸೆಂಟನ್ನು ಧಾರಾಳವಾಗಿ ಹಾಕಿ ಅದೇ ಬೀರುವಿನಲ್ಲಿ ಇಟ್ಟರು. ಮರುದಿನ ಮೂಸಿದರೆ ಸ್ಪಿರಿಟ್ಟಿನಂಥ ಒಂದು ವಾಸನೆ ಬಿಟ್ಟು ಏನೂ ಇಲ್ಲ. ಹಳೇ ಸೀಸೆ ಇರಬೇಕೆಂದು ಹೊಸತು ಒಡೆದು ಮತ್ತೆ ಹಾಕಿದರು. ಮತ್ತೆ ಅದೇ. ಆ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು, ಸ್ಟೂಲಿನ ಮೇಲೆ ಕೂತು ನನ್ನನ್ನು ಕೇಳಿದರು:

"ಟೀಚರ್, ನಾನು ಅಸಲು ಸೆಂಟು ಯಾವಾಗ ಮೂಸೀನಿ?"

ತಾವೇ ಉತ್ತರವನ್ನೂ ಕೊಟ್ಟುಕೊಂಡರು:

"ಯಾವಾಗೂ ಇಲ್ಲ. ದಿನಾ ನಕಲು ಮೂಸಿದ ಮೂಗು ಇದು. ಅಸಲು ಬಂದ್ರ, ನಮ್ಮ ನಕಲಿನಂಗ ಐತಿ ಅಂತು." ಸೆರಗಿನಿಂದ ಮುಖ ಒರೆಸಿಕೊಂಡರು. "ನಮ್ಮ ಮಾವ ಗಿಲೀಟಿಗೆ ಬಂಗಾರ ಅಂದ್ರು. ನಾನು ಬಂಗಾರಕ್ಕ ಗಿಲೀಟು ಅಂದ್ನಿ. ಯಾರು ಹೆಚ್ಚು ಕೆಟ್ಟೋರು ಹೇಳ್ರಿ?"

ಬೆಳಿಗ್ಗೆ ಮೊದಲ ಬಸ್ಸಿಗೇ ನನ್ನನ್ನೂ ಕರೆದುಕೊಂಡು ಹರಪನಹಳ್ಳಿಗೆ ಹೊರಟರು. ಆ ಸೀರೆಯನ್ನು ಕಾಗದದಲ್ಲಿ ಸುತ್ತಿಕೊಂಡಿದ್ದರು. ಕೊಟ್ರೇಶನ ಅಂಗಡಿಗೆ ಹೋಗುತ್ತಾರೆಂದು ನಾನು ಎಣಿಸಿದ್ದೆ. ಅವರು ಮಹಬೂಬನ ಅಂಗಡಿ ಎಲ್ಲಿ ಎಂದು ವಿಚಾರಿಸುತ್ತಾ ನಡೆದರು. ಅದು ಗಲ್ಲಿಯೊಂದರಲ್ಲಿ, ಸೈಕಲ್ಲಿನ ಅಂಗಡಿಗೆ ಆತುಕೊಂಡ ಸಣ್ಣ ಗೂಡು. ಮಹಬೂಬ್ ಒಬ್ಬನೇ ಕೂತು ಫ್ಯಾನು ಬಿಚ್ಚುತ್ತಿದ್ದ. ನಮ್ಮನ್ನು ನೋಡಿ ಎದ್ದ, ಆದರೆ ಮುಖ ಗಂಟು ಹಾಕಿಕೊಂಡೇ ಇತ್ತು.

"ಏನಮ್ಮ, ಮತ್ತೆ ಮಿಕ್ಸಿ ತಂದ್ರಾ?"

ಅಕ್ಕಾರು ಬೆಚ್ಚಿದರು. "ನಿನಗ ಅವತ್ತೇ ಗೊತ್ತಿತ್ತಾ?"

"ನಿಮ್ಮ ಬೊಮ್ಮನಹಳ್ಳಿಗೆ ಸಾಮಾನು ತರಾಕೆ ಬರ್ತಿರ್ತೀನಿ. ನಿಮ್ಮ ಅಂಗಡಿ ನೋಡಿದ್ದೆ. ನೀವು ಬಂದಾಗ್ಲೇ ಯಾಕೆ ಬಂದೀರಿ ಅಂತ ಗೊತ್ತಾತು."

"ಕೊಟ್ರೇಶಗ ಹೇಳ್ಲಿಲ್ಲೇನು?"

"ಯಾಕೆ ಹೇಳ್ಲಿ? ಅವನು ಹೆಂಗಿದಾನೋ ಹಂಗೇ ನೋಡ್ಲಿ ಅಂತ ಬಿಟ್ಟೆ."

ಅಕ್ಕಾರು ಕಾಗದ ಬಿಚ್ಚಿ ಸೀರೆಯ ಸೆರಗು ಮುಂದೆ ಹಿಡಿದರು. "ನಿಮ್ಮಣ್ಣ ತಂದಿದ್ದು ಖರೇ ಐತಪ್ಪ. ಇನ್ನೂ ಹೋಗಿಲ್ಲ, ನೋಡು. ನೀನೇ ಮೂಸು."

ಮಹಬೂಬ್ ಸೆರಗು ಮುಟ್ಟಲಿಲ್ಲ. "ನನಗ್ಯಾಕಮ್ಮ? ನಮ್ಮಣ್ಣ ಕೊಟ್ಟಿದ್ದು ನನಗೆ ಗೊತ್ತೈತೆ. ಅವನು ನನ್ನ ಮದುವಿಗೆ ಅಂತ ತಂದಿದ್ದ. ನಂದು ಇನ್ನೂ ತಡ ಐತೆ, ನೀನು ಮೊದ್ಲು ಕೊಡು ಅಂತ ಕೊಟ್ರೇಶಗೆ ಕೊಟ್ಟೆ."

ಅಕ್ಕಾರು ಎರಡೂ ಕೈ ಜೋಡಿಸಿದರು. ಅವರು ಯಾರಿಗಾದರೂ ಹಾಗೆ ಕೈ ಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಹಬೂಬ್ ಗಾಬರಿಯಾಗಿ ಅವರ ಕೈ ಬಿಡಿಸಿದ.

"ಬ್ಯಾಡಮ್ಮ. ದೊಡ್ಡೋರು ನೀವು. ನೀವು ಅಂದಿದ್ದು ನನಗೆ ತಾಗ್ಲಿಲ್ಲ. ನೀವು ನನ್ನ ಕಂಡೋರಲ್ಲ, ಕೇಳಿದೋರಲ್ಲ, ಅನುಮಾನ ಪಟ್ರಿ. ಅವನು? ಒಂದೇ ಡಬ್ಬಿಯಾಗೆ ಉಂಡೋನು. ಖರೇ ಹೇಳು ಅಂತ ಕೇಳಿದ್ನಲ್ಲ." ಅಷ್ಟು ಹೇಳಿ ಫ್ಯಾನಿನ ಕಡೆ ತಿರುಗಿ ಕೂತ.

ಕೊಟ್ರೇಶನ ಹತ್ತಿರ ಅಕ್ಕಾರು ಹೆಚ್ಚು ಮಾತಾಡಲಿಲ್ಲ. "ಸೆಂಟು ಖರೇ. ಮಾಬು ಖರೇ. ಸುಳ್ಳಾದಾಕಿ ನಾನು. ನನ್ನ ಮ್ಯಾಗಿನ ಸಿಟ್ಟು ಗಿರಿಜಾನ ಮ್ಯಾಲೆ ಹಾಕಬ್ಯಾಡ. ಮೊದ್ಲು ಹೋಗಿ ಮಾಬುನ ಕರ್ಕಂಡು ಬಾ" ಅಂದರು. ಕೊಟ್ರೇಶ, "ಯಾವ ಮುಖ ಇಟ್ಕಂಡು ಹೋಗ್ಲಿ ಅಮ್ಮ?" ಅಂದ.

ಆ ವರ್ಷವೇ ಮದುವೆಯಾಯಿತು. ಮಹಬೂಬ್ ಬಂದ, ಅಕ್ಷತೆ ಹಾಕಿದ, ಊಟ ಮಾಡಿದ, ಗಿರಿಜಾಳಿಗೆ ಉಡುಗೊರೆ ಕೊಟ್ಟ. ಹಳೆಯ ಅಂಗಡಿಗೆ ಮಾತ್ರ ವಾಪಸು ಹೋಗಲಿಲ್ಲ. ಕೊಟ್ರೇಶ ಬಂದು ಕರೆಯಲಿ ಎಂದು ಇವನು, ಇವನ ಮುಖ ತಿಳಿಯಾಗಲಿ ಎಂದು ಕೊಟ್ರೇಶ. ಒಂದೇ ಊರಿನಲ್ಲಿ ಎರಡು ಅಂಗಡಿ ನಡೆದವು. ಎದುರಾದರೆ ನಮಸ್ಕಾರ, ಅಷ್ಟೇ.

ಅಕ್ಕಾರು ಸುಮ್ಮನೆ ಕೂರಲಿಲ್ಲ. ಮಗಳ ಮನೆಗೆ ಹೋದಾಗಲೆಲ್ಲ ಎರಡು ಡಬ್ಬಿ ಹೋಳಿಗೆ ಒಯ್ಯುವರು. ಒಂದು ಮಗಳಿಗೆ, ಇನ್ನೊಂದು ಮಹಬೂಬನ ಮನೆಗೆ. ಅಲ್ಲಿ ಕೂತು ಇಲ್ಲಿಯ ಮಾತು, ಇಲ್ಲಿ ಕೂತು ಅಲ್ಲಿಯ ಮಾತು. ಇಬ್ಬರೂ ಅವರನ್ನು ಆದರದಿಂದ ಕೂರಿಸುವರು, ಹೋಳಿಗೆ ತಿನ್ನುವರು, ಮಾತು ಬದಲಿಸುವರು. ನನಗೆ ವರ್ಗವಾಗಿ ಊರು ಬಿಟ್ಟ ಮೇಲೂ, ಯಾವಾಗ ಹೋದರೂ ಅವರ ಬಾಯಲ್ಲಿ ಇದೇ ಮಾತು. "ಗಿರಿಜಾನ ಸಂಸಾರ ಕೂಡ್ತು ಟೀಚರ್. ಆ ಹುಡುಗ್ರು ಕೂಡಲಿಲ್ಲ. ನಾನು ಒಂದು ಸಲ ಮೂಸಿ ಬೇರೆ ಮಾಡ್ದೆ, ಇಷ್ಟು ವರ್ಷ ತಿರುಗಾಡಿದ್ರೂ ಕೂಡಸಾಕ ಆಗವಲ್ದು."

ಅವರ ಅನುಮಾನ ಕಡಿಮೆಯಾಯಿತೇ ಎಂದರೆ, ಇಲ್ಲ. ಕೊನೆಗಾಲದಲ್ಲಿ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಇನ್ನೊಂದು ಔಷಧಿ ಅಂಗಡಿಗೆ ಕಳಿಸಿ, ಅವೇ ಹೌದೋ ಎಂದು ಕೇಳಿಸಿದ್ದರಂತೆ. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ, ಬಾಯಿಗೆ ಬಂದದ್ದನ್ನು ಒಮ್ಮೆ ನುಂಗಿಕೊಂಡು ಮಾತಾಡುತ್ತಿದ್ದರು ಎಂದು ಗಿರಿಜಾ ಹೇಳಿದಳು.

ಅಕ್ಕಾರು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ ನಾನು ಹಗರಿಬೊಮ್ಮನಹಳ್ಳಿಗೆ ಹೋದೆ. ಕೊಟ್ರೇಶ ಓಡಾಡಿಕೊಂಡು ಕೆಲಸ ನೋಡುತ್ತಿದ್ದ. ತಲೆಯಲ್ಲಿ ಬಿಳಿಕೂದಲು ಇಣುಕಿತ್ತು. ಮಹಬೂಬ್ ಹೊರಗೆ ಶಾಮಿಯಾನದ ಕೆಳಗೆ ಗಂಡಸರ ಜೊತೆ ಕೂತಿದ್ದ. ಮೊದಲ ಪಂಕ್ತಿ ಎದ್ದಿತು. ಕೈ ತೊಳೆಯಲು ನೀರಿಲ್ಲ. ಹಿತ್ತಲಿನ ಮೋಟರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೊಟ್ರೇಶ ಅಂಗಿಯ ತೋಳು ಮೇಲಕ್ಕೇರಿಸಿ ಮೋಟರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮುಚ್ಚಳ ಬಿಚ್ಚತೊಡಗಿದ. ಹೆಂಗಸರು ಕೊಡ ಹಿಡಿದು ಸುತ್ತ ನಿಂತರು. ಯಾರು ಹೋಗಿ ಹೇಳಿದರೋ ಗೊತ್ತಿಲ್ಲ, ಮಹಬೂಬ್ ಹಿತ್ತಲಿಗೆ ಬಂದು, ಒಂದು ಕ್ಷಣ ನಿಂತು ನೋಡಿ, ಎದುರಿಗೆ ಕೂತ.

ಕೊಟ್ರೇಶ ತಲೆಯೆತ್ತಲಿಲ್ಲ. ಒಳಗೆ ಇಣುಕುತ್ತಲೇ ಕೈಯೊಂದನ್ನು ಪಕ್ಕಕ್ಕೆ ಚಾಚಿದ. ಏನು ಬೇಕೆಂದು ಬಾಯಿಬಿಟ್ಟು ಹೇಳಲಿಲ್ಲ. ಮಹಬೂಬ್ ನೆಲದ ಮೇಲೆ ಹರಡಿದ್ದ ಸಾಮಾನುಗಳಲ್ಲಿ ಒಂದು ಪಾನಾ ಆರಿಸಿ ಆ ಕೈಯಲ್ಲಿಟ್ಟ. ಕೊಟ್ರೇಶ ಅದನ್ನು ನೋಡದೆಯೇ ನಟ್ಟಿಗೆ ಹಾಕಿ ತಿರುಗಿಸಿದ.

ಗಿರಿಜಾ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ನಾನು ಏನೋ ಹೇಳಲು ಹೋದೆ. ಅವಳು ನನ್ನ ಕೈ ಹಿಡಿದು, ಸುಮ್ಮನಿರಿ ಎಂಬಂತೆ ಒತ್ತಿದಳು.